ಡೌನ್ ಸಿಂಡ್ರೋಮ್: ತಪ್ಪು ಯಾರದ್ದೂ ಅಲ್ಲ, ಆದರೆ ಮಗುವಿನ ಮೊದಲ ಆರು ತಿಂಗಳು ಕಳೆದುಕೊಳ್ಳಬೇಡಿ

ನಮ್ಮ ರಾಮಮೂರ್ತಿ ನಗರದ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಸಾಮಾನ್ಯವಾಗಿ ಬರುವುದು ನೀರಿನ ಟ್ಯಾಂಕರ್, ಕರೆಂಟ್, ಕಸದ ಗಾಡಿಯ ವಿಷಯ. ಒಂದು ದಿನ ಈ ಸಂದೇಶ ಬಂತು: ‘ಗರ್ಭಿಣಿಯರು ಗ್ರಹಣ ನೋಡಿದರೆ, ಪಪ್ಪಾಯಿ ತಿಂದರೆ, ಸಂಬಂಧದಲ್ಲಿ ಮದುವೆಯಾಗಿದ್ದರೆ ಡೌನ್ ಸಿಂಡ್ರೋಮ್ ಮಗು ಹುಟ್ಟುತ್ತದೆ. ಈ ಎಣ್ಣೆ ಹಚ್ಚಿದರೆ 6 ತಿಂಗಳಲ್ಲಿ ಪೂರ್ತಿ ಗುಣ. 10 ಜನರಿಗೆ ಕಳಿಸಿ, ಪುಣ್ಯ ಕಟ್ಟಿಕೊಳ್ಳಿ.’

ಕಳಿಸಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಅದೇ ಗ್ರೂಪಿನಲ್ಲಿ ಎರಡು ವಾರದ ಬಾಣಂತಿಯೊಬ್ಬರು ಇದ್ದರು. ವಯಸ್ಸು 24. ಕೋಲಾರದ ಕಡೆಯವರು, ಮದುವೆಯಾಗಿದ್ದು ಸೋದರಮಾವನನ್ನು. ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದು ಎಂದು ಮಕ್ಕಳ ಡಾಕ್ಟರ್ ಹೇಳಿ ಹತ್ತು ದಿನವಾಗಿತ್ತು. ಆ ಸಂದೇಶ ಓದಿ ಅವರ ಮನೆಯಲ್ಲಿ ಏನಾಯಿತು ಎನ್ನುವುದನ್ನು ಮುಂದೆ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದೇ, ಗುರುತು ಸಿಗುವ ವಿವರ ಬಿಟ್ಟು ಬರೆಯುತ್ತಿದ್ದೇನೆ.

ಮೊದಲು ಮುಖ್ಯ ವಿಷಯ, ಚಿಕ್ಕದಾಗಿ:

• ಡೌನ್ ಸಿಂಡ್ರೋಮ್ ರೋಗವಲ್ಲ, ಅಂಟುವುದಿಲ್ಲ. ಜೀವಕೋಶದಲ್ಲಿ ಒಂದು ಕ್ರೋಮೋಸೋಮ್ ಹೆಚ್ಚಿಗೆ ಇರುವ ಸ್ಥಿತಿ.
• ತಾಯಿ ತಿಂದದ್ದು, ನೋಡಿದ್ದು, ಮಾಡಿದ್ದು ಯಾವುದೂ ಇದಕ್ಕೆ ಕಾರಣವಲ್ಲ.
• ಇದನ್ನು ‘ಗುಣ’ ಮಾಡುವ ಎಣ್ಣೆ, ಮಾತ್ರೆ, ಇಂಜೆಕ್ಷನ್ ಯಾವುದೂ ಇಲ್ಲ.
• ಆದರೆ ಇದರ ಜೊತೆ ಬರುವ ಹೃದಯ, ಥೈರಾಯ್ಡ್, ಕಿವಿ, ಕಣ್ಣಿನ ತೊಂದರೆಗಳಿಗೆ ಒಳ್ಳೆಯ ಚಿಕಿತ್ಸೆ ಇದೆ. ಹೃದಯದ ವಿಷಯದಲ್ಲಿ ತಡ ಮಾಡಿದರೆ ಅವಕಾಶವೇ ಕೈತಪ್ಪಬಹುದು.

ಹೆಸರು ಎಲ್ಲಿಂದ ಬಂತು?

‘ಡೌನ್’ ಅಂದರೆ ಕೆಳಗೆ, ಕಡಿಮೆ ಎಂಬ ಅರ್ಥವಲ್ಲ. ಅದೊಬ್ಬ ಡಾಕ್ಟರ ಹೆಸರು. ಇಂಗ್ಲೆಂಡಿನ ಜಾನ್ ಲ್ಯಾಂಗ್ಡನ್ ಡೌನ್ 1866ರಲ್ಲಿ ಈ ಮಕ್ಕಳ ಲಕ್ಷಣಗಳನ್ನು ಮೊದಲ ಬಾರಿಗೆ ವಿವರವಾಗಿ ಬರೆದರು. ಕಣ್ಣಿನ ಆಕಾರ ನೋಡಿ ಅವರು ಬಳಸಿದ ‘ಮಂಗೋಲ್’ ಎಂಬ ಪದ ಸುಮಾರು ನೂರು ವರ್ಷ ಉಳಿಯಿತು. ಅದು ಒಂದು ದೇಶದ ಜನರಿಗೇ ಅವಮಾನ. 1961ರಲ್ಲಿ ತಳಿಶಾಸ್ತ್ರಜ್ಞರ ಗುಂಪೊಂದು ಈ ಪದ ಬಿಡಿ ಎಂದು ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆಯಿತು. 1965ರಲ್ಲಿ ಮಂಗೋಲಿಯಾದ ಮನವಿಯ ನಂತರ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಕೈಬಿಟ್ಟಿತು. ಇಂದಿಗೂ ಯಾರಾದರೂ ‘ಮಂಗೋಲ್ ಬೇಬಿ’ ಎಂದರೆ ನೀವು ತಿದ್ದಬಹುದು.

ಕಾರಣ ಗೊತ್ತಾಗಿದ್ದು 1959ರಲ್ಲಿ. ಪ್ಯಾರಿಸ್ಸಿನಲ್ಲಿ ಜೆರೋಮ್ ಲೆಜೂನ್, ಮಾರ್ಥ್ ಗೋತಿಯೆ ಮತ್ತು ರೇಮೋ ತುರ್ಪಾಂ ಅವರು ಈ ಮಕ್ಕಳ ಜೀವಕೋಶದಲ್ಲಿ 46ರ ಬದಲು 47 ಕ್ರೋಮೋಸೋಮ್ ಇವೆ ಎಂದು ತೋರಿಸಿದರು.

ಒಳಗೆ ನಡೆಯುವುದೇನು?

ನಮ್ಮ ದೇಹದ ಪ್ರತಿ ಜೀವಕೋಶದಲ್ಲೂ ಸಾಮಾನ್ಯವಾಗಿ 23 ಜೋಡಿ, ಅಂದರೆ 46 ಕ್ರೋಮೋಸೋಮ್ ಇರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಇದಕ್ಕಾಗಿ ಅಂಡಾಣು ಮತ್ತು ವೀರ್ಯಾಣು ತಯಾರಾಗುವಾಗ ಜೋಡಿಗಳು ಬೇರೆಯಾಗಿ ಅರ್ಧಕ್ಕೆ ಇಳಿಯಬೇಕು.

ಇಸ್ಪೀಟ್ ಹಂಚುವುದನ್ನು ನೆನಪಿಸಿಕೊಳ್ಳಿ. ಒಬ್ಬೊಬ್ಬರಿಗೆ ಒಂದೊಂದೇ ಎಲೆ ಹಾಕುತ್ತಾ ಹೋಗುವಾಗ ಎರಡು ಎಲೆ ಅಂಟಿಕೊಂಡು ಒಬ್ಬರ ಕೈಗೇ ಹೋಗುವುದುಂಟು. ಹಂಚಿದವರ ಮೋಸವಲ್ಲ, ಅಜಾಗರೂಕತೆಯೂ ಅಲ್ಲ. ಹಾಗೆಯೇ 21ನೇ ಜೋಡಿ ಬೇರೆಯಾಗದೆ ಒಂದೇ ಅಂಡಾಣುವಿಗೆ ಹೋದರೆ, ಇನ್ನೊಂದು ಕಡೆಯಿಂದ ಬರುವ ಒಂದು ಸೇರಿ ಮಗುವಿನಲ್ಲಿ ಮೂರು ಆಗುತ್ತವೆ. ಇದೇ ‘ಟ್ರೈಸೋಮಿ 21’. ಹತ್ತರಲ್ಲಿ ಸುಮಾರು ಒಂಬತ್ತು ಸಲ ಇದು ಅಂಡಾಣುವಿನಲ್ಲಿ ಆಗುತ್ತದೆ, ಉಳಿದಂತೆ ಹೆಚ್ಚಾಗಿ ವೀರ್ಯಾಣುವಿನಲ್ಲಿ.

‘ಅಂದರೆ ತಾಯಿಯದ್ದೇ ತಪ್ಪು ಅಂತಾಯಿತಲ್ಲ’ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ಹೆಣ್ಣುಮಗುವೊಂದು ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಾಣುಗಳ ವಿಭಜನೆ ಶುರುವಾಗಿ ಅರ್ಧದಲ್ಲಿ ನಿಲ್ಲುತ್ತದೆ. ಮುಂದುವರಿಯುವುದು ಹತ್ತಾರು ವರ್ಷಗಳ ನಂತರ, ಆ ಅಂಡಾಣು ಬಿಡುಗಡೆಯಾಗುವ ತಿಂಗಳಲ್ಲಿ. ಎಲ್ಲವೂ ಗರ್ಭ ಕಟ್ಟುವ ಹೊತ್ತಿಗೇ ಮುಗಿದಿರುತ್ತದೆ. ಬಸುರಿಯಾದ ಮೇಲೆ ಏನು ತಿಂದರೂ, ಎಲ್ಲಿಗೆ ಹೋದರೂ ಈ ಲೆಕ್ಕ ಬದಲಾಗುವುದಿಲ್ಲ.

ಇದರಲ್ಲಿ ಮೂರು ಬಗೆ ಇವೆ:

• ಟ್ರೈಸೋಮಿ 21: ಸುಮಾರು 95% ಮಕ್ಕಳಲ್ಲಿ. ಎಲ್ಲ ಜೀವಕೋಶಗಳಲ್ಲೂ ಮೂರು ಪ್ರತಿ.
• ಟ್ರಾನ್ಸ್‌ಲೊಕೇಶನ್: 3ರಿಂದ 4%. ಹೆಚ್ಚುವರಿ 21ನೇ ಕ್ರೋಮೋಸೋಮ್ ಇನ್ನೊಂದು ಕ್ರೋಮೋಸೋಮಿಗೆ ಅಂಟಿಕೊಂಡಿರುತ್ತದೆ. ಇದರಲ್ಲಿ ಮಾತ್ರ ಕೆಲವು ಸಲ ಅಪ್ಪ ಅಥವಾ ಅಮ್ಮ ತಮಗೆ ಯಾವ ತೊಂದರೆಯೂ ಇಲ್ಲದೆ ವಾಹಕರಾಗಿರಬಹುದು.
• ಮೊಸಾಯಿಕ್: 1ರಿಂದ 2%. ಕೆಲವು ಜೀವಕೋಶಗಳಲ್ಲಿ ಮಾತ್ರ ಹೆಚ್ಚುವರಿ ಪ್ರತಿ ಇರುತ್ತದೆ.

ಯಾವ ಬಗೆ ಎಂದು ತಿಳಿಯಲು ಮಗುವಿನ ರಕ್ತದಿಂದ ‘ಕ್ಯಾರಿಯೋಟೈಪ್’ ಪರೀಕ್ಷೆ ಮಾಡುತ್ತಾರೆ. ಓರೆ ಕಣ್ಣು, ಚಪ್ಪಟೆ ಮೂಗು, ಅಂಗೈಯಲ್ಲಿ ಅಡ್ಡಕ್ಕೆ ಒಂದೇ ಗೆರೆ, ಕಾಲಿನ ಹೆಬ್ಬೆರಳ ಪಕ್ಕ ಅಂತರ, ಮೆತ್ತಗಿನ ಸ್ನಾಯು ನೋಡಿ ಡಾಕ್ಟರಿಗೆ ಅನುಮಾನ ಬರುತ್ತದೆ. ಆದರೆ ಅಂಗೈಯ ಒಂದೇ ಗೆರೆ ಎಷ್ಟೋ ಆರೋಗ್ಯವಂತರಲ್ಲೂ ಇರುತ್ತದೆ. ಫೋಟೋ ನೋಡಿ ಯಾರೂ ತೀರ್ಮಾನ ಮಾಡಬಾರದು.

ಫಾರ್ವರ್ಡ್‌ಗಳು ಹೇಳುವುದು, ನಿಜ ಇರುವುದು

ಹೇಳಿಕೆ 1: ‘ಸಂಬಂಧದೊಳಗೆ ಮದುವೆಯಾದರೆ ಡೌನ್ ಸಿಂಡ್ರೋಮ್ ಬರುತ್ತದೆ.’

ನಿಜವಲ್ಲ. ನಮ್ಮ ರಾಜ್ಯದಲ್ಲಿ ಈ ಮಾತಿಗೆ ತೂಕ ಹೆಚ್ಚು, ಏಕೆಂದರೆ ಇಂಥ ಮದುವೆಗಳು ನಮ್ಮಲ್ಲಿ ಹೆಚ್ಚು. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಹೆರಿಗೆಯಾದ ದಂಪತಿಗಳ ಸಂಬಂಧವನ್ನು ದಾಖಲಿಸಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೆ ನಡೆದದ್ದಾಗಿತ್ತು. ಅದರಲ್ಲೂ ಸೋದರಮಾವನ ಜೊತೆಗಿನ ಮದುವೆಯೇ ಹೆಚ್ಚು.

ಸಂಬಂಧದ ಮದುವೆಯಿಂದ ಅಪಾಯವೇ ಇಲ್ಲ ಎಂದಲ್ಲ. ಇಬ್ಬರಲ್ಲೂ ಒಂದೇ ದೋಷವಿರುವ ಜೀನ್ ಅಡಗಿದ್ದು ಮಗುವಿಗೆ ಎರಡೂ ಕಡೆಯಿಂದ ಬಂದರೆ ಥಲಸ್ಸೇಮಿಯಾ, ಹುಟ್ಟು ಕಿವುಡಿನ ಕೆಲವು ಬಗೆಗಳು, ಕೆಲವು ಚಯಾಪಚಯ ಕಾಯಿಲೆಗಳು ಬರುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಡೌನ್ ಸಿಂಡ್ರೋಮ್ ಆ ಬಗೆಯದ್ದಲ್ಲ. ಇಲ್ಲಿ ಯಾವ ಜೀನ್ ಕೂಡ ಕೆಟ್ಟಿಲ್ಲ. ಒಳ್ಳೆಯ ಕ್ರೋಮೋಸೋಮೇ ಒಂದು ಪ್ರತಿ ಹೆಚ್ಚಾಗಿದೆ. ಸಂಬಂಧದ ಮದುವೆ ಇರುವ ಸಮುದಾಯ, ಇಲ್ಲದ ಸಮುದಾಯ, ಎಲ್ಲ ಧರ್ಮ, ಎಲ್ಲ ದೇಶಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತಾರೆ. ಒಟ್ಟಾರೆ ಸುಮಾರು 700ರಿಂದ 1,000 ಹೆರಿಗೆಗೆ ಒಂದು.

ಹೇಳಿಕೆ 2: ‘ವಯಸ್ಸಾದ ತಾಯಂದಿರಿಗೆ ಮಾತ್ರ ಹೀಗಾಗುತ್ತದೆ.’

ಅರ್ಧ ಸತ್ಯ. ವಯಸ್ಸಿನ ಜೊತೆ ಸಾಧ್ಯತೆ ಏರುವುದು ನಿಜ. ತಾಯಿಯ ವಯಸ್ಸು 25 ಇದ್ದರೆ ಸುಮಾರು 1,250ಕ್ಕೆ ಒಂದು, 30ಕ್ಕೆ ಸುಮಾರು 900ಕ್ಕೆ ಒಂದು, 35ಕ್ಕೆ ಸುಮಾರು 350ಕ್ಕೆ ಒಂದು, 40ಕ್ಕೆ ಸುಮಾರು 100ಕ್ಕೆ ಒಂದು, 45ಕ್ಕೆ ಸುಮಾರು 30ಕ್ಕೆ ಒಂದು.

ಆದರೂ ಇಂಥ ಮಕ್ಕಳಲ್ಲಿ ಹೆಚ್ಚಿನವರ ತಾಯಂದಿರು 35ಕ್ಕಿಂತ ಚಿಕ್ಕವರು. ಒಂದು ಲೆಕ್ಕ ಹಾಕಿ ನೋಡಿ. 25 ವರ್ಷದ 1 ಲಕ್ಷ ತಾಯಂದಿರಿದ್ದರೆ 80 ಮಕ್ಕಳು. 40 ವರ್ಷದ 2,000 ತಾಯಂದಿರಿದ್ದರೆ 20 ಮಕ್ಕಳು. ಚಿಕ್ಕ ವಯಸ್ಸಿನಲ್ಲಿ ಹೆರುವವರೇ ಹೆಚ್ಚು, ಆದ್ದರಿಂದ ಒಟ್ಟು ಸಂಖ್ಯೆಯೂ ಅಲ್ಲೇ ಹೆಚ್ಚು. ‘ನಿಮಗಿನ್ನೂ 24, ಸ್ಕ್ರೀನಿಂಗ್ ಬೇಕಿಲ್ಲ’ ಎನ್ನುವುದು ತಪ್ಪು ಸಲಹೆ.

ಹೇಳಿಕೆ 3: ‘ಗ್ರಹಣ, ಪಪ್ಪಾಯಿ, ಮೊಬೈಲ್, ಸ್ಕ್ಯಾನಿಂಗ್‌ನಿಂದ ಹೀಗಾಗುತ್ತದೆ.’

ನಿಜವಲ್ಲ. ಮೇಲೆ ಹೇಳಿದಂತೆ, ಇದು ನಡೆದು ಮುಗಿದಿರುವುದು ಗರ್ಭ ಕಟ್ಟುವ ಹೊತ್ತಿಗೆ. ಅಲ್ಟ್ರಾಸೌಂಡ್ ಸ್ಕ್ಯಾನ್ ಶಬ್ದದ ಅಲೆಯಿಂದ ನಡೆಯುತ್ತದೆ, ಅದರಲ್ಲಿ ಎಕ್ಸ್-ರೇ ಇಲ್ಲ. ‘ಫೋಲಿಕ್ ಆಸಿಡ್ ಮಾತ್ರೆ ಸರಿಯಾಗಿ ನುಂಗಲಿಲ್ಲ, ಅದಕ್ಕೇ ಹೀಗಾಯಿತು’ ಎಂಬ ಆರೋಪವೂ ತಪ್ಪು. ಆ ಮಾತ್ರೆ ಬೇಕೇ ಬೇಕು, ಆದರೆ ಅದು ತಡೆಯುವುದು ಮಗುವಿನ ಬೆನ್ನುಹುರಿ ಮತ್ತು ಮೆದುಳಿನ ಕೊಳವೆಯ ದೋಷವನ್ನು, ಡೌನ್ ಸಿಂಡ್ರೋಮನ್ನಲ್ಲ.

ಹೇಳಿಕೆ 4: ‘ಎಣ್ಣೆ, ಬೇರು, ಸ್ಟೆಮ್ ಸೆಲ್‌ನಿಂದ ಗುಣವಾಗುತ್ತದೆ.’

ನಿಜವಲ್ಲ. ಕೋಟ್ಯಂತರ ಜೀವಕೋಶಗಳ ಒಳಗಿರುವ ಒಂದು ಕ್ರೋಮೋಸೋಮನ್ನು ಎಣ್ಣೆ ಹಚ್ಚಿ ತೆಗೆಯಲು ಬರುವುದಿಲ್ಲ. ಸ್ಟೆಮ್ ಸೆಲ್ ಚಿಕಿತ್ಸೆ ನಮ್ಮ ದೇಶದಲ್ಲಿ ಕೆಲವು ರಕ್ತಸಂಬಂಧಿ ಕಾಯಿಲೆಗಳಿಗೆ ಮಾತ್ರ ಒಪ್ಪಿತವಾಗಿದೆ. ಬೇರೆ ಯಾವುದಕ್ಕೇ ಆದರೂ ಅನುಮತಿ ಪಡೆದ ಪ್ರಯೋಗದ ಹೊರಗೆ, ದುಡ್ಡು ತೆಗೆದುಕೊಂಡು ಕೊಡುವಂತಿಲ್ಲ ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ.

ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವುದರಿಂದ ಹಾನಿಯಿಲ್ಲ. ಆದರೆ ಬಾಣಂತನದ ಸ್ನಾನದಲ್ಲಿ ಕುತ್ತಿಗೆ ಎಳೆಯುವುದು, ಕೈಕಾಲು ಜಗ್ಗುವುದು, ಮೂಗು ನೀವುವುದು, ಕಿವಿ ಮೂಗಿಗೆ ಎಣ್ಣೆ ಬಿಡುವುದು ಬೇಡ. ಈ ಮಕ್ಕಳ ಕೀಲುಗಳು ಸಡಿಲ, ಕುತ್ತಿಗೆಯ ಮೇಲಿನ ಮೂಳೆಗಳ ಹಿಡಿತ ಕೆಲವರಲ್ಲಿ ಕಡಿಮೆ, ಕಿವಿಯ ದಾರಿ ಕಿರಿದು.

ಹೇಳಿಕೆ 5: ‘ಇವರು ಹೆಚ್ಚು ಕಾಲ ಬದುಕುವುದಿಲ್ಲ.’

ಹಳೆಯ ಮಾತು. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲೂ ಇವರ ಸರಾಸರಿ ಆಯುಷ್ಯ ಸುಮಾರು 25 ವರ್ಷವಷ್ಟೇ ಇತ್ತು. ಈಗ ಅಂಥ ದೇಶಗಳಲ್ಲಿ ಸುಮಾರು 60. ಈ ನಡುವೆ ಕ್ರೋಮೋಸೋಮ್ ಬದಲಾಗಲಿಲ್ಲ. ಬದಲಾದದ್ದು ಎರಡು ಸಂಗತಿ. ಮಕ್ಕಳ ಹೃದಯಕ್ಕೆ ಸಮಯಕ್ಕೆ ಸರಿಯಾಗಿ ಆಪರೇಷನ್ ಆಗತೊಡಗಿತು. ಮಕ್ಕಳನ್ನು ಸಂಸ್ಥೆಗಳಿಗೆ ದೂಡದೆ ಮನೆಯಲ್ಲಿ ಬೆಳೆಸತೊಡಗಿದರು.

ಎರಡೂವರೆ ತಿಂಗಳು ಹೋದದ್ದು ಎಲ್ಲಿಗೆ?

ಈಗ ನಮ್ಮ ಬಡಾವಣೆಯ ಆ ಮನೆಗೆ ಬರೋಣ. ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರ್ ಡಿಸ್ಚಾರ್ಜ್ ಚೀಟಿಯಲ್ಲಿ ‘ಎಕೋ ಮಾಡಿಸಿ’ ಎಂದು ಬರೆದಿದ್ದರು. ಕ್ಯಾರಿಯೋಟೈಪ್ ರಿಪೋರ್ಟ್ ಬರಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಗ್ರೂಪಿನ ಆ ಫಾರ್ವರ್ಡ್ ಬಂತು. ‘ನೋಡಿ, ಸಂಬಂಧದಲ್ಲಿ ಬೇಡ ಅಂತ ಆಗಲೇ ಹೇಳಿದ್ದೆ’ ಎಂದು ಒಬ್ಬರು, ‘ಗ್ರಹಣದ ದಿನ ತರಕಾರಿ ಹೆಚ್ಚಿದಳು’ ಎಂದು ಇನ್ನೊಬ್ಬರು. ಡಿಸ್ಚಾರ್ಜ್ ಚೀಟಿ ಬೀರುವಿನೊಳಗೆ ಹೋಯಿತು. ಎಣ್ಣೆ ಕೊರಿಯರ್‌ನಲ್ಲಿ ಬಂತು. ಮಗು ಚೆನ್ನಾಗಿ ಉಸಿರಾಡುತ್ತಿದೆ, ಬಣ್ಣವೂ ಚೆನ್ನಾಗಿದೆ, ಹೃದಯಕ್ಕೇನು ಆಗಿರುತ್ತದೆ ಎಂದು ಮನೆಯವರು ಸುಮ್ಮನಾದರು.

10ನೇ ವಾರದ ಲಸಿಕೆಗೆ ಹೋದಾಗ ಅಲ್ಲಿದ್ದ ಸಿಸ್ಟರ್ ಮಗು ಹಾಲು ಕುಡಿಯುವುದನ್ನೇ ನೋಡುತ್ತಿದ್ದರಂತೆ. ‘ಏನಮ್ಮಾ, ಹಾಲು ಕುಡಿಯುವಾಗ ಯಾವಾಗಲೂ ಹೀಗೇ ಹಣೆ ಬೆವರುತ್ತಾ?’ ಎಂದು ಕೇಳಿದರು. ಬೆವರುತ್ತಿತ್ತು. ಎರಡು ನಿಮಿಷ ಕುಡಿದು ಸುಸ್ತಾಗಿ ಬಿಡುತ್ತಿತ್ತು. ತೂಕವೂ ಏರಿರಲಿಲ್ಲ. ಅದೇ ವಾರ ಎಕೋ ಆಯಿತು. ಹೃದಯದ ನಡುಗೋಡೆಯಲ್ಲಿ ದೊಡ್ಡ ರಂಧ್ರ, ಎರಡು ಕವಾಟದ ಜಾಗದಲ್ಲಿ ಒಂದೇ ಕವಾಟ.

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಅಂದರೆ 40ರಿಂದ 50% ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷ ಇರುತ್ತದೆ. ಮೇಲೆ ಹೇಳಿದ ಬಗೆಯ ದೋಷ ಇವರಲ್ಲಿ ವಿಶೇಷವಾಗಿ ಹೆಚ್ಚು. ಮೊದಲ ವಾರಗಳಲ್ಲಿ ಸ್ಟೆತೊಸ್ಕೋಪಿಗೆ ಇದು ಕೇಳಿಸದೆಯೂ ಇರಬಹುದು. ರಂಧ್ರದ ಮೂಲಕ ಹೆಚ್ಚಿನ ರಕ್ತ ಶ್ವಾಸಕೋಶಕ್ಕೆ ನುಗ್ಗುತ್ತಲೇ ಇದ್ದರೆ ಅಲ್ಲಿನ ರಕ್ತನಾಳಗಳು ದಪ್ಪವಾಗಿ ಒತ್ತಡ ಏರುತ್ತದೆ. ಈ ಮಕ್ಕಳಲ್ಲಿ ಅದು ಬೇಗ ಏರುತ್ತದೆ. ಒಂದು ಹಂತ ದಾಟಿದರೆ ಆಪರೇಷನ್ ಮಾಡುವುದೇ ಅಪಾಯ ಎಂದು ಸರ್ಜನ್‌ಗಳು ಕೈಬಿಡಬೇಕಾಗುತ್ತದೆ. ಅದಕ್ಕೇ ಇಂಥ ದೋಷಕ್ಕೆ ಸಾಮಾನ್ಯವಾಗಿ ಮೊದಲ ಆರು ತಿಂಗಳೊಳಗೆ ಆಪರೇಷನ್ ಮಾಡಲು ನೋಡುತ್ತಾರೆ.

ಆ ಮಗುವಿಗೆ ಐದನೇ ತಿಂಗಳಲ್ಲಿ ಆಪರೇಷನ್ ಆಯಿತು. ಸಮಯ ಮೀರಿರಲಿಲ್ಲ. ಸಿಸ್ಟರ್ ಆ ಪ್ರಶ್ನೆ ಕೇಳದಿದ್ದರೆ ಮೀರುತ್ತಿತ್ತೋ ಏನೋ.

ಗರ್ಭಿಣಿಯಾಗಿದ್ದಾಗ ಗೊತ್ತಾಗುವುದಿಲ್ಲವೇ?

ಆ ತಾಯಿಗೆ ಐದನೇ ತಿಂಗಳಲ್ಲಿ ಸ್ಕ್ಯಾನ್ ಆಗಿತ್ತು, ‘ನಾರ್ಮಲ್’ ಎಂದು ಬಂದಿತ್ತು. ಇದರಲ್ಲಿ ಅಚ್ಚರಿಯಿಲ್ಲ. ಸ್ಕ್ಯಾನ್ ಒಂದರಿಂದಲೇ ಡೌನ್ ಸಿಂಡ್ರೋಮ್ ಇಲ್ಲ ಎಂದು ಹೇಳಲು ಆಗುವುದಿಲ್ಲ. ಪರೀಕ್ಷೆಗಳಲ್ಲಿ ಎರಡು ಬಗೆ ಇವೆ. ಈ ವ್ಯತ್ಯಾಸ ತಿಳಿದುಕೊಂಡರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ.

ಮೊದಲನೆಯದು ಸ್ಕ್ರೀನಿಂಗ್. ಇದು ಸಾಧ್ಯತೆ ಎಷ್ಟು ಎಂದು ಮಾತ್ರ ಹೇಳುತ್ತದೆ.

• 11ರಿಂದ 14ನೇ ವಾರದೊಳಗೆ: ಮಗುವಿನ ಕುತ್ತಿಗೆಯ ಹಿಂಭಾಗದ ದ್ರವ ಅಳೆಯುವ ‘ಎನ್‌ಟಿ ಸ್ಕ್ಯಾನ್’ ಮತ್ತು ‘ಡಬಲ್ ಮಾರ್ಕರ್’ ರಕ್ತಪರೀಕ್ಷೆ. ಎರಡೂ ಸೇರಿ 100ರಲ್ಲಿ ಸುಮಾರು 85ರಿಂದ 90ನ್ನು ಗುರುತಿಸುತ್ತವೆ.
• 15ರಿಂದ 20ನೇ ವಾರ: ಮೊದಲಿನದು ತಪ್ಪಿದ್ದರೆ ‘ಕ್ವಾಡ್ರುಪಲ್ ಮಾರ್ಕರ್’. 100ರಲ್ಲಿ ಸುಮಾರು 80.
• 10ನೇ ವಾರದಿಂದ: ‘ಎನ್‌ಐಪಿಟಿ’. ತಾಯಿಯ ರಕ್ತದಲ್ಲಿ ತೇಲುವ ಡಿಎನ್‌ಎ ಚೂರುಗಳನ್ನು ನೋಡುತ್ತದೆ. 100ರಲ್ಲಿ ಸುಮಾರು 99. ಆದರೆ ದುಬಾರಿ, ಮತ್ತು ಇದೂ ಸ್ಕ್ರೀನಿಂಗೇ.

ಎರಡನೆಯದು ಖಚಿತ ಪರೀಕ್ಷೆ. 11ರಿಂದ 14ನೇ ವಾರದೊಳಗೆ ಮಾಸುಚೀಲದ ಚೂರು ತೆಗೆದು ನೋಡುವ ‘ಸಿವಿಎಸ್’, ಅಥವಾ 15ನೇ ವಾರದ ನಂತರ ಗರ್ಭದ ನೀರು ತೆಗೆದು ನೋಡುವ ‘ಆಮ್ನಿಯೊಸೆಂಟೆಸಿಸ್’. ಇವು ಖಚಿತ ಉತ್ತರ ಕೊಡುತ್ತವೆ. ಗರ್ಭಪಾತದ ಸಣ್ಣ ಅಪಾಯವಿದೆ, 1%ಗಿಂತ ಕಡಿಮೆ.

ರಿಪೋರ್ಟಿನಲ್ಲಿ ‘1:150, ಹೈ ರಿಸ್ಕ್’ ಎಂದು ಬಂದರೆ ಏನರ್ಥ? ಅಂಥ 150 ಗರ್ಭಿಣಿಯರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದು, 149 ಮಂದಿಯದ್ದಕ್ಕೆ ಇಲ್ಲ ಎಂದರ್ಥ. ಕೆಂಪಕ್ಷರ ನೋಡಿ ಅಂದೇ ತೀರ್ಮಾನ ಮಾಡಬೇಡಿ. ಹಾಗೆಯೇ ‘ಲೋ ರಿಸ್ಕ್’ ಎಂದರೆ ಸಾಧ್ಯತೆ ಕಡಿಮೆ, ಸೊನ್ನೆ ಅಲ್ಲ.

ಎನ್‌ಐಪಿಟಿ ಪಾಸಿಟಿವ್ ಬಂದರೂ ಹಾಗೇ. 25 ವರ್ಷದ 1 ಲಕ್ಷ ಗರ್ಭಿಣಿಯರಲ್ಲಿ 80 ಮಕ್ಕಳಿಗೆ ನಿಜವಾಗಿ ಇದೆ, ಪರೀಕ್ಷೆ ಅದರಲ್ಲಿ 79ನ್ನು ಹಿಡಿಯಿತು ಎಂದುಕೊಳ್ಳಿ. ಸಾವಿರಕ್ಕೆ ಒಂದೇ ತಪ್ಪು ಎಚ್ಚರಿಕೆ ಕೊಟ್ಟರೂ ಸುಮಾರು 100 ಮಂದಿಗೆ ಸುಳ್ಳು ಪಾಸಿಟಿವ್ ಬರುತ್ತದೆ. ಅಂದರೆ ಚಿಕ್ಕ ವಯಸ್ಸಿನವರಲ್ಲಿ ಪಾಸಿಟಿವ್ ಬಂದ ಎಷ್ಟೋ ಮಕ್ಕಳಿಗೆ ಡೌನ್ ಸಿಂಡ್ರೋಮ್ ಇರುವುದೇ ಇಲ್ಲ. ಖಚಿತ ಪರೀಕ್ಷೆ ಮಾಡಿಸದೆ ಯಾವ ದೊಡ್ಡ ನಿರ್ಧಾರವೂ ಬೇಡ.

ಸ್ಕ್ರೀನಿಂಗ್ ಮಾಡಿಸುವುದು, ಬಿಡುವುದು, ಮುಂದೇನು ಎನ್ನುವುದು ಆ ಹೆಣ್ಣಿನ ಮತ್ತು ಕುಟುಂಬದ ನಿರ್ಧಾರ. ಕೆಲವರು ಮೊದಲೇ ತಿಳಿದು ಹೃದಯದ ಸೌಲಭ್ಯವಿರುವ ಆಸ್ಪತ್ರೆಯಲ್ಲಿ ಹೆರಿಗೆಗೆ ಸಿದ್ಧರಾಗುತ್ತಾರೆ. ಕೆಲವರು ಗರ್ಭ ಮುಂದುವರಿಸದಿರಲು ನಿರ್ಧರಿಸುತ್ತಾರೆ. ವೈದ್ಯಕೀಯ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ, ಭ್ರೂಣದಲ್ಲಿ ಗಂಭೀರ ವೈಪರೀತ್ಯವಿದ್ದು 24 ವಾರ ದಾಟಿದ್ದರೆ ವೈದ್ಯಕೀಯ ಮಂಡಳಿ ನೋಡಿ ತೀರ್ಮಾನಿಸಬೇಕು. ವಯಸ್ಕ ಮಹಿಳೆಯ ಒಪ್ಪಿಗೆಯೇ ಕಾನೂನಿಗೆ ಸಾಕು. ಗಂಡನ ಸಹಿ ಬೇಕೆಂದು ಕಾನೂನಿನಲ್ಲಿಲ್ಲ, ಬೇರೆಯವರ ಒತ್ತಾಯಕ್ಕೂ ಜಾಗವಿಲ್ಲ. ಇನ್ನೊಂದು ಮಾತು: ಈ ಯಾವ ಪರೀಕ್ಷೆಯಲ್ಲೂ ಮಗು ಗಂಡೋ ಹೆಣ್ಣೋ ಎಂದು ಕೇಳುವುದು, ಹೇಳುವುದು 1994ರ ಕಾಯ್ದೆಯಡಿ ಅಪರಾಧ.

ಮತ್ತೊಂದು ಮಗುವಿಗೂ ಹೀಗಾಗುತ್ತದೆಯೇ? ಸಾಮಾನ್ಯ ಟ್ರೈಸೋಮಿ 21 ಆಗಿದ್ದರೆ ಸಾಧ್ಯತೆ ಸುಮಾರು 1%, ತಾಯಿಗೆ ವಯಸ್ಸು ಹೆಚ್ಚಿದ್ದರೆ ಆ ವಯಸ್ಸಿನ ಸಾಧ್ಯತೆ. ಟ್ರಾನ್ಸ್‌ಲೊಕೇಶನ್ ಆಗಿದ್ದರೆ ಅಪ್ಪ ಅಮ್ಮ ಇಬ್ಬರೂ ಕ್ಯಾರಿಯೋಟೈಪ್ ಮಾಡಿಸಿ ತಳಿಶಾಸ್ತ್ರದ ಡಾಕ್ಟರನ್ನು ಕಾಣಬೇಕು. ಹಾಗಾಗಿ ಮಗುವಿನ ರಿಪೋರ್ಟನ್ನು ಜೋಪಾನವಾಗಿಡಿ.

ಮಗು ಹುಟ್ಟಿದ ಮೇಲೆ ಏನೇನು ಮಾಡಿಸಬೇಕು?

• ಹೃದಯ: ಮಗು ಚೆನ್ನಾಗಿಯೇ ಕಂಡರೂ ಮೊದಲ ತಿಂಗಳೊಳಗೆ ಎಕೋ. ಹಾಲು ಕುಡಿಯುವಾಗ ಬೆವರುವುದು, ಏದುಸಿರು, ತೂಕ ಏರದಿರುವುದು, ತುಟಿ ನೀಲಿಯಾಗುವುದು ಕಂಡರೆ ಅಂದೇ ಆಸ್ಪತ್ರೆಗೆ.
• ಥೈರಾಯ್ಡ್: ಹುಟ್ಟಿದಾಗ, 6 ತಿಂಗಳಿಗೆ, 1 ವರ್ಷಕ್ಕೆ, ಆಮೇಲೆ ಪ್ರತಿ ವರ್ಷ. ಕಡಿಮೆ ಇದ್ದರೆ ದಿನಕ್ಕೊಂದು ಸಣ್ಣ ಮಾತ್ರೆ ಸಾಕು. ಬಿಟ್ಟರೆ ಬುದ್ಧಿ ಬೆಳವಣಿಗೆ ಇನ್ನಷ್ಟು ಹಿಂದೆ ಬೀಳುತ್ತದೆ.
• ಕಿವಿ, ಕಣ್ಣು: ಹುಟ್ಟಿದಾಗಲೇ ಶ್ರವಣ ಪರೀಕ್ಷೆ, 6 ತಿಂಗಳೊಳಗೆ ಕಣ್ಣಿನ ಪರೀಕ್ಷೆ. ಕೇಳಿಸದ ಮಗು ಮಾತು ಕಲಿಯದಿದ್ದರೆ ಅದನ್ನು ‘ಬುದ್ಧಿ ಕಡಿಮೆ’ ಎಂದು ತಿಳಿಯಬೇಡಿ.
• ರಕ್ತ: ಹುಟ್ಟಿದಾಗ ರಕ್ತಕಣಗಳ ಎಣಿಕೆ. ಲ್ಯುಕೇಮಿಯಾ ಸಾಧ್ಯತೆ ಬೇರೆ ಮಕ್ಕಳಿಗಿಂತ ಹೆಚ್ಚು.
• ಹಾಲು: ಎದೆಹಾಲು ಕೊಡಬಹುದು, ಕೊಡಬೇಕು. ಬಾಯಿಯ ಸ್ನಾಯು ಮೆತ್ತಗಿರುವುದರಿಂದ ಸಮಯ ಹೆಚ್ಚು ಬೇಕು.
• ಲಸಿಕೆ: ಎಲ್ಲ ಮಕ್ಕಳಂತೆ, ಒಂದೂ ತಪ್ಪದಂತೆ.
• ಥೆರಪಿ: ಮೊದಲ ತಿಂಗಳುಗಳಿಂದಲೇ ಫಿಸಿಯೋಥೆರಪಿ, ಆಮೇಲೆ ಮಾತಿನ ಥೆರಪಿ. ಹೆಚ್ಚಿನ ಮಕ್ಕಳು ಸುಮಾರು 2 ವರ್ಷಕ್ಕೆ ನಡೆಯುತ್ತಾರೆ, ಕೆಲವರಿಗೆ 3 ದಾಟುತ್ತದೆ.

ಭಾಷೆಯ ಬಗ್ಗೆ ನಮ್ಮ ಕಡೆಯವರಿಗೆ ವಿಶೇಷವಾಗಿ ಹೇಳಬೇಕು. ರಾಮಮೂರ್ತಿ ನಗರ, ಕೆ.ಆರ್. ಪುರದಲ್ಲಿ ಮನೆಯೊಳಗೆ ತೆಲುಗು ಅಥವಾ ತಮಿಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಇರುವುದು ಮಾಮೂಲು. ‘ಮಗುವಿಗೆ ಗೊಂದಲವಾಗುತ್ತದೆ, ಇಂಗ್ಲಿಷ್ ಒಂದೇ ಮಾತಾಡಿ’ ಎಂಬ ಸಲಹೆ ಕೇಳಿ ಅಜ್ಜಿ ತಾತ ಮಗುವಿನ ಜೊತೆ ಮಾತೇ ನಿಲ್ಲಿಸಿದ್ದನ್ನು ನೋಡಿದ್ದೇನೆ. ಕೆನಡಾದಲ್ಲಿ ನಡೆದ ಅಧ್ಯಯನಗಳಲ್ಲಿ ಎರಡು ಭಾಷೆ ಕೇಳಿ ಬೆಳೆದ ಡೌನ್ ಸಿಂಡ್ರೋಮ್ ಮಕ್ಕಳು ಒಂದೇ ಭಾಷೆಯ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ. ನಿಮ್ಮ ಮನೆಮಾತಿನಲ್ಲೇ, ಹೆಚ್ಚು ಹೆಚ್ಚು ಮಾತಾಡಿ.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು?

• ಆರ್‌ಬಿಎಸ್‌ಕೆ: ಕೇಂದ್ರ ಸರ್ಕಾರ 2013ರಲ್ಲಿ ಶುರು ಮಾಡಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಹುಟ್ಟಿನಿಂದ 18 ವರ್ಷದವರೆಗೆ. ಇದರ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಮತ್ತು ಹುಟ್ಟು ಹೃದಯದೋಷ ಎರಡೂ ಇವೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಹೆಸರು ಹೇಳಿ ಕೇಳಿ.
• ಹೃದಯಕ್ಕೆ: ಜಯದೇವ ಹೃದ್ರೋಗ ಸಂಸ್ಥೆ. ಪೂರ್ವ ಬೆಂಗಳೂರಿನವರಿಗೆ ಹತ್ತಿರದಲ್ಲಿ, ವೈಟ್‌ಫೀಲ್ಡಿನಲ್ಲಿ 2001ರಿಂದ ಇರುವ ಶ್ರೀ ಸತ್ಯಸಾಯಿ ಆಸ್ಪತ್ರೆ ಹೃದಯ ಚಿಕಿತ್ಸೆಗೆ ಹಣ ಪಡೆಯುವುದಿಲ್ಲ.
• ಮಕ್ಕಳ ತಜ್ಞರು, ಬೆಳವಣಿಗೆಯ ಪರೀಕ್ಷೆ: ನಿಮ್ಹಾನ್ಸ್ ಬಳಿಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ನಿಮ್ಹಾನ್ಸ್. ಮಾತು ಮತ್ತು ಶ್ರವಣಕ್ಕೆ ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ.
• ಯುಡಿಐಡಿ ಕಾರ್ಡ್: ಅಂಗವೈಕಲ್ಯದ ಗುರುತಿನ ಚೀಟಿ. ಮಾಸಾಶನ, ಬಸ್ ಪಾಸ್, ವಿದ್ಯಾರ್ಥಿವೇತನ ಎಲ್ಲಕ್ಕೂ ಇದು ಬುಡ.
• ನಿರಾಮಯ ವಿಮೆ: ನ್ಯಾಷನಲ್ ಟ್ರಸ್ಟ್‌ನ ಯೋಜನೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಥೆರಪಿಯ ಖರ್ಚೂ ಇದರಲ್ಲಿ ಸೇರುತ್ತದೆ.
• ಶಾಲೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ, 40% ಅಥವಾ ಹೆಚ್ಚು ಅಂಗವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಹತ್ತಿರದ ಸಾಮಾನ್ಯ ಶಾಲೆಯೋ ವಿಶೇಷ ಶಾಲೆಯೋ ಎನ್ನುವುದು ಪೋಷಕರ ಆಯ್ಕೆ.

ಬೆಳೆದ ಮೇಲೆ?

ಹೆಚ್ಚಿನವರ ಕಲಿಕೆಯ ತೊಂದರೆ ಅಲ್ಪದಿಂದ ಮಧ್ಯಮ ಮಟ್ಟದ್ದು. ಓದು ಬರಹ, ಅಡುಗೆ, ಬಸ್ಸಿನ ಓಡಾಟ, ಕೆಲಸ ಕಲಿಯುವವರು ಬಹಳ. 2017ರಲ್ಲಿ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಶುರುವಾದ ‘ಮಿಟ್ಟಿ ಕೆಫೆ’ಯಲ್ಲಿ ಚಹಾ ಕೊಡುವವರು, ಲೆಕ್ಕ ನೋಡುವವರು ಬೌದ್ಧಿಕ ಮತ್ತು ಇತರ ಅಂಗವೈಕಲ್ಯ ಇರುವವರೇ. ಈಗ ಬೆಂಗಳೂರಿನ ಹಲವು ಕಡೆ ಇದೆ. 2023ರಲ್ಲಿ ಸುಪ್ರೀಂ ಕೋರ್ಟ್ ಆವರಣದಲ್ಲೂ ತೆರೆಯಿತು.

‘ಇವರು ದೇವರ ಮಕ್ಕಳು, ಯಾವಾಗಲೂ ನಗುತ್ತಿರುತ್ತಾರೆ’ ಎಂಬ ಮಾತೂ ಪ್ರೀತಿಯದ್ದೇ, ಆದರೆ ಪೂರ್ತಿ ನಿಜವಲ್ಲ. ಇವರಿಗೂ ಸಿಟ್ಟು, ಬೇಸರ, ನಾಚಿಕೆ, ಖಿನ್ನತೆ ಬರುತ್ತವೆ. ಮರೆವಿನ ಕಾಯಿಲೆ ಆಲ್ಜೈಮರ್ಸ್ ಇವರಲ್ಲಿ ಬೇಗ, 40-50ರ ವಯಸ್ಸಿನಲ್ಲೇ ಕಾಣಿಸಿಕೊಳ್ಳಬಹುದು. ‘ನಮ್ಮ ನಂತರ ಯಾರು?’ ಎಂಬುದು ಪ್ರತಿ ಪೋಷಕರ ರಾತ್ರಿಯ ಪ್ರಶ್ನೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ, 18 ತುಂಬಿದ ಮೇಲೆ ಅಗತ್ಯವಿದ್ದರೆ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿಯ ಮೂಲಕ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಬಹುದು. ಇದನ್ನು ಕೊನೆಗಾಲಕ್ಕೆ ಇಟ್ಟುಕೊಳ್ಳಬೇಡಿ.

ಫಾರ್ವರ್ಡ್ ಮಾಡುವ ಮೊದಲು

ನಮ್ಮ ಬಡಾವಣೆಯ ಆ ಮಗುವಿಗೆ ಈಗ ಮೂರು ವರ್ಷ. ಎದೆಯ ನಡುವೆ ತೆಳ್ಳಗಿನ ಗಾಯದ ಗುರುತಿದೆ. ಎರಡೂವರೆಗೆ ನಡೆಯಿತು. ಅಂಗನವಾಡಿಗೆ ಹೋಗುತ್ತದೆ, ‘ಅಜ್ಜಿ’ ಎನ್ನುತ್ತದೆ, ಬೇಡವೆಂದರೆ ತಟ್ಟೆ ದೂಡುತ್ತದೆ. ಆ ತಾಯಿ ನನಗೆ ಹೇಳಿದ್ದು ಒಂದೇ ಮಾತು: ‘ಆ ಮೆಸೇಜ್ ಬದಲು ಯಾರಾದ್ರೂ ಎಕೋ ಮಾಡ್ಸಿ ಅಂತ ಕಳ್ಸಿದ್ರೆ ಸಾಕಿತ್ತು.’

ಅದಕ್ಕೇ, ಮುಂದಿನ ಸಲ ಆ ಹಳೆಯ ಫಾರ್ವರ್ಡ್ ನಿಮ್ಮ ಗ್ರೂಪಿಗೆ ಬಂದರೆ ಜಗಳ ಬೇಡ. ಇದನ್ನು ನಕಲು ಮಾಡಿ ಹಾಕಿ:

‘ಡೌನ್ ಸಿಂಡ್ರೋಮ್ ಯಾರ ತಪ್ಪಿನಿಂದಲೂ ಬರುವುದಿಲ್ಲ. ಗ್ರಹಣ, ಆಹಾರ, ಸಂಬಂಧದ ಮದುವೆ ಇದಕ್ಕೆ ಕಾರಣವಲ್ಲ. ಗುಣಪಡಿಸುವ ಎಣ್ಣೆ ಇಲ್ಲ. ಇಂಥ ಮಗು ಹುಟ್ಟಿದ್ದರೆ ಮೊದಲ ತಿಂಗಳಲ್ಲೇ ಹೃದಯದ ಎಕೋ, ಥೈರಾಯ್ಡ್, ಶ್ರವಣ ಪರೀಕ್ಷೆ ಮಾಡಿಸಿ. ಹೃದಯದ ಆಪರೇಷನ್ ಬೇಕಿದ್ದರೆ ತಡ ಮಾಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರ್‌ಬಿಎಸ್‌ಕೆ ಎಂದು ಕೇಳಿ.’